ಆರಿಹೋದ ಕೆಂಪು ದೀಪ

ಪೆಡಲ್ ಪಾದದಡಿ ನೆಲದವರೆಗೂ ಇಳಿದುಹೋಯಿತು. ವ್ಯಾನ್ ನಿಲ್ಲಲಿಲ್ಲ!

"ಅಪ್ಪಾ, ಗಟ್ಟಿ ಹಿಡ್ಕೊಳ್ಳಿ!"

ಅಕ್ಷತ ಹ್ಯಾಂಡ್‌ಬ್ರೇಕ್ ಎಳೆದಳು. ಬಾಶೆಟ್ಟಿಹಳ್ಳಿಯ ಕಾರ್ಖಾನೆ ರಸ್ತೆಯ ಪಕ್ಕದ ಮಣ್ಣಿಗಿಳಿದ ವ್ಯಾನ್ ಅರಚುತ್ತಾ ಇಳಿಜಾರಿನಲ್ಲಿ ಜಾರಿತು. ಅಷ್ಟರಲ್ಲಿ ಟೈರ್ ಶೆಡ್ಡಿನಿಂದ ಯಾರೋ ಓಡಿಬಂದು ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟ.

"ಯಾರಿಗಾದ್ರೂ ಪೆಟ್ಟಾಯ್ತಾ..." ಅವನ ಮಾತು ಅಲ್ಲೇ ನಿಂತಿತು.

ಮಂಜೇಶ್!

ದೇವರೇ, ಇಷ್ಟು ಜನರಲ್ಲಿ ಇವನೇ ಬರಬೇಕಿತ್ತೇ?

ಒಂದು ಕಾಲಕ್ಕೆ ಮದುವೆಯಾದರೆ ಇವನನ್ನೇ ಎಂದು ಅವಳು ಹಠ ಹಿಡಿದಿದ್ದಳು. ಇವಳು ಮಗ್ಗಕ್ಕೆ ಕೂರುವ ನೇಕಾರರ ಮನೆ ಹುಡುಗಿ, ಅವನು ಮಧುರೆ ಕಡೆಯ ರೈತರ ಮನೆಯವನು. ಆದರೂ ಅಮ್ಮ ಅನುಸೂಯಮ್ಮ ಒಪ್ಪಿದ್ದರು. ಮನೆಯ ಹಳೇ ವ್ಯಾನಿನ ಬ್ರೇಕ್ ನೋಡಿಕೊಳ್ಳುತ್ತಿದ್ದವನೂ ಅವನೇ. ದಸರಾಕ್ಕೆ ಹೊಸ ಪ್ಯಾಡ್ ಹಾಕಿಕೊಟ್ಟಿದ್ದ. ಯುಗಾದಿ ಹತ್ತಿರ ಬಂದಾಗ ಬ್ರೇಕ್ ಹಿಡಿಯದೆ ವ್ಯಾನ್ ಲಾರಿಗೆ ಬಡಿಯಿತು. ಓಡಿಸುತ್ತಿದ್ದ ಅಪ್ಪ ಉಳಿದರು. ಅಮ್ಮ ಉಳಿಯಲಿಲ್ಲ.

"ನಮ್ಮಮ್ಮನ್ನ ಕೊಂದಿದ್ದು ನೀನು!" ಎಂದು ಅಂದು ಮನೆ ಮುಂದೆ, ಬೀದಿಯೆಲ್ಲ ಕೇಳುವಂತೆ ಕೂಗಿದ್ದಳು. ಅವನು ತಲೆ ತಗ್ಗಿಸಿ ನಿಂತಿದ್ದ, ಅಷ್ಟೇ. ಆಮೇಲೆ ಅವನ ಗ್ಯಾರೇಜಿಗೆ ಯಾರೂ ಗಾಡಿ ತರಲಿಲ್ಲ. ಅದು ಮುಚ್ಚಿಹೋಗಿ, ಈಗ ಈ ಟೈರ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ.

ಈಗ ಅದೇ ಅಮ್ಮನ ವರ್ಷದ ತಿಥಿಗೆ ಸಾಮಾನು ತರಲು ಅಪ್ಪನ ಜೊತೆ ಹೊರಟಿದ್ದಳು. ಈ ವ್ಯಾನೂ ಸೆಕೆಂಡ್‌ಹ್ಯಾಂಡೇ.

"ನೀನು ಇದನ್ನ ಮುಟ್ಬೇಡ," ಎಂದಳು.

"ಮುಟ್ಟಲ್ಲ. ಮೀಟರ್‌ನಲ್ಲಿ ಕೆಂಪು ದೀಪ ಉರೀತಿದೆಯಲ್ಲ, ಯಾವಾಗಿಂದ?"

"ಹಿಂದೆ ಒಂದ್ಸಲ ಹತ್ತಿತ್ತು. ಆಮೇಲೆ ತಾನಾಗೇ ಆರೋಯ್ತು. ಇವತ್ತು ಮತ್ತೆ ಹತ್ತಿದೆ."

"ತಾನಾಗೇ ಆರಲ್ಲ ಅದು." ಅವನ ದನಿ ಬದಲಾಯಿತು. "ಬ್ರೇಕ್ ಆಯಿಲ್ ಕಡಿಮೆಯಾದ್ರೆ ಹತ್ತೋ ದೀಪ. ಹ್ಯಾಂಡ್‌ಬ್ರೇಕ್ ಎಳೆದಿದ್ರೂ ಉರಿಯುತ್ತೆ. ಕಲ್ಲು ಕೊಟ್ಟಿದೀನಿ, ಇಳಿಸಿ ನೋಡು."

ಇಳಿಸಿದಳು. ದೀಪ ಆರಲಿಲ್ಲ.

ಅವನು ಬಾನೆಟ್ ಎತ್ತಿದ. ಈ ಸಲ ಅವಳು ತಡೆಯಲಿಲ್ಲ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದ. ಒಳಗಿನ ರಬ್ಬರು ನೆನೆಹಾಕಿದ ಕಡಲೆಯಂತೆ ಊದಿಕೊಂಡಿತ್ತು. ತಳದಲ್ಲಿ ಏನೋ ಸ್ವಲ್ಪ ಉಳಿದಿತ್ತು. ಬೆರಳದ್ದಿ ಮೂಸಿದವನೇ ಗಡಬಡಿಸಿ ಮುಚ್ಚಳ ಹಾಕಲು ಹೋದ.

"ಏನದು? ತೋರ್ಸು."

"ಏನಿಲ್ಲ ಕಣೇ..."

ಅವಳು ಅವನ ಕೈ ಎಳೆದು ಮೂಸಿದಳು. ಆ ವಾಸನೆ ಹುಟ್ಟಿದಾಗಿನಿಂದ ಗೊತ್ತು. ಅಪ್ಪನ ಅಂಗಿಯ ವಾಸನೆ, ಮನೆಯ ವಾಸನೆ... ಮಗ್ಗದ ಎಣ್ಣೆ!

"ಇದನ್ನ ಹಾಕಿದ್ರೆ ಏನಾಗುತ್ತೆ?"

"ಡಬ್ಬಿ ತುಂಬುತ್ತಲ್ಲ, ದೀಪ ಆರುತ್ತೆ. ಆದ್ರೆ ಒಳಗಿನ ರಬ್ಬರೆಲ್ಲ ಊದಿ ಸೋರುತ್ತೆ. ಆಮೇಲೆ ಬ್ರೇಕೇ ಇರಲ್ಲ."

ಅವಳು ತಿರುಗಿ ವ್ಯಾನಿನೊಳಗಿದ್ದ ಅಪ್ಪನತ್ತ ನೋಡಿದಳು.

"ಮಂಜೇಶ್... ಅವತ್ತು ಜಜ್ಜಿಹೋದ ವ್ಯಾನನ್ನ ಎಳ್ಕೊಂಡು ಬಂದಿದ್ದು ನೀನೇ. ಅದರ ಡಬ್ಬಿ ನೋಡಿದ್ಯಾ?"

ಅವನು ಬಟ್ಟೆಯಲ್ಲಿ ಬೆರಳು ಒರೆಸುತ್ತಲೇ ಇದ್ದ.

"ಹೇಳೋ!"

"ನೋಡ್ದೆ. ಇದೇ ಇತ್ತು."

"ಯಾಕೋ ಹೇಳ್ಲಿಲ್ಲ?"

"ನಿಮ್ಮಪ್ಪ ಅಮ್ಮನ ಕಾಲು ಹಿಡ್ಕೊಂಡು ಕೂತಿದ್ರು. ನಿಮ್ಮ ಕೈಯಿಂದಲೇ ಆಯ್ತು ಅಂತ ಅವರಿಗೆ ಹೆಂಗೆ ಹೇಳ್ಲಿ? ನೀನು ನನ್ನ ಬೈದೆ. ಬೈಸ್ಕೊಳ್ಳೋದೇ ಸುಲಭ ಅನ್ನಿಸ್ತು."

ಅವಳ ಕಣ್ಣು ತುಂಬಿತು. ಮರುಕ್ಷಣವೇ ಸಿಟ್ಟೂ ಉಕ್ಕಿತು.

"ಸುಲಭ ಅಂತೆ! ನೀನು ಬಾಯಿ ಮುಚ್ಕೊಂಡಿದ್ದಕ್ಕೇ ಅಪ್ಪ ಮತ್ತೆ ಇದನ್ನೇ ಸುರಿದಿದ್ದಾರೆ. ಇವತ್ತು ನಾವಿಬ್ರೂ ಸಾಯ್ತಿದ್ವಿ ಕಣೋ!"

ಮಂಜೇಶನ ಮುಖ ಬಿಳಿಚಿಕೊಂಡಿತು. ಒಂದು ವರ್ಷದಲ್ಲಿ ಅವನಿಗೆ ಇದು ಹೊಳೆದೇ ಇರಲಿಲ್ಲ.

"ಅದೇನಮ್ಮಾ ಎಣ್ಣೆ ವಿಷಯ? ನಾನೇ ಹಾಕಿದ್ದು." ಅಪ್ಪ ವೇಣುಗೋಪಾಲ್ ಇಳಿದು ಬಂದಿದ್ದರು. "ಡಬ್ಬಿ ಕಡಿಮೆಯಾಗಿತ್ತು. ಒಣಗಿದ ಮಗ್ಗಕ್ಕೆ ಎಣ್ಣೆ ಬಿಟ್ರೆ ಕಿರ್ರೋ ಅಂತ ಅಳೋದು ನಿಲ್ಸಲ್ವಾ, ಹಂಗೇ ದೀಪ ಆರೋಯ್ತು. ಹೋದ ವ್ಯಾನಿಗೂ ಹಿಂಗೇ..."

ಅಪ್ಪ ಬಗ್ಗಿ ಡಬ್ಬಿಯೊಳಗೆ ಇಣುಕಿದರು. ನೂಲು ಎಲ್ಲಿ ಕಡಿಯಿತೆಂದು ಸದ್ದಿನಲ್ಲೇ ಹಿಡಿಯುವ ಮನುಷ್ಯ. ಮಗಳ ಮುಖ ನೋಡಿದರು. ಮಂಜೇಶನ ಮುಖ ನೋಡಿದರು.

"ಅವತ್ತೂ ಇದೇನಾಪ್ಪಾ ಆಗಿದ್ದು?"

"ಇಲ್ಲ ವೇಣಣ್ಣ, ಅವತ್ತು ನನ್ನ ಪ್ಯಾಡೇ..."

"ಸಾಕು ಮಂಜೇಶ್." ಅಕ್ಷತ ಅಪ್ಪನ ಎರಡೂ ಕೈ ಹಿಡಿದುಕೊಂಡಳು. "ಹೂಂ ಅಪ್ಪ. ಇದೇ. ನಿಮಗೆ ಗೊತ್ತಿರಲಿಲ್ಲ. ನಂಗೂ ಗೊತ್ತಿರಲಿಲ್ಲ."

ಅಪ್ಪ ಅಳಲಿಲ್ಲ. ಕಲ್ಲು ಕೊಟ್ಟ ಚಕ್ರದ ಪಕ್ಕ ಮಣ್ಣಿನಲ್ಲೇ ಕೂತುಬಿಟ್ಟರು. ತಮ್ಮ ಅಂಗೈಯನ್ನೇ ನೋಡುತ್ತಿದ್ದರು.

"ಅನ್ಸೂಯ ಹೇಳಿದ್ಲು... ಮಂಜೇಶನ್ನ ಒಂದ್ಮಾತು ಕೇಳ್ರೀ ಅಂತ. ಇಷ್ಟಕ್ಕೆಲ್ಲ ಅವನನ್ನ ಯಾಕೆ ಕರೆಯೋದು ಅಂದ್ಬಿಟ್ಟೆ."

ಶಿಫ್ಟ್ ಮುಗಿಸಿದವರ ಕಾರ್ಖಾನೆ ಬಸ್ಸುಗಳು ಧೂಳೆಬ್ಬಿಸಿಕೊಂಡು ಹೋದವು. ಮಂಜೇಶ್ ಅವರ ಪಕ್ಕ ಕುಕ್ಕರಗಾಲಲ್ಲಿ ಕೂತ. ಅಪ್ಪ ಅವನ ಹೆಗಲಿಗೆ ತಲೆ ಆನಿಸಿದರು. ಆಗ ಅತ್ತರು.

"ತಿಥಿಗೆ ಬಾರಪ್ಪಾ. ಅವಳಿಗೆ ಎಡೆ ಇಡೋವಾಗ ನೀನಿರ್ಬೇಕು. ತಪ್ಪು ನಿಂದಲ್ಲ ಅಂತ ನಾಲ್ಕು ಜನದ ಮುಂದೆ ನಾನೇ ಹೇಳ್ತೀನಿ."

ಮಂಜೇಶ್ ಕರೆಸಿದ ಆಟೋ ಬಂತು. ಅಪ್ಪನನ್ನು ಕೂರಿಸಿ, ನೀರು ಕುಡಿಸಿ, ಅಕ್ಷತ ವ್ಯಾನಿನ ಹತ್ತಿರ ವಾಪಸಾದಳು. ಕೀಲಿಯನ್ನು ಅವನ ಕೈಯಲ್ಲಿಟ್ಟಳು.

"ಒಳಗಿನ ರಬ್ಬರು, ಪೈಪು ಎಲ್ಲಾ ಬದಲಾಯಿಸ್ಬೇಕು," ಎಂದ. "ನನ್ನ ಕೈ ನಂಬ್ತೀಯಾ?"

"ಕ್ಷಮಿಸು ಅಂತ ಕೇಳೋಕೂ ನಂಗೆ ಮುಖ ಇಲ್ಲ ಮಂಜೇಶ್. ಒಂದೇ ಒಂದು... ಇನ್ಮೇಲೆ ನನ್ನ ಹತ್ರ ಏನೂ ಮುಚ್ಚಿಡ್ಬೇಡ."

"ಹಂಗಾದ್ರೆ ಇದೂ ಕೇಳು." ಅವನು ಕೀಲಿಯನ್ನೇ ನೋಡುತ್ತಿದ್ದ. "ದಿನಾ ಸಂಜೆ ಶೆಡ್ಡಿನ ಕೆಲಸ ಮುಗಿಸ್ಕೊಂಡು ನಿಮ್ಮ ಬೀದೀಲೇ ಬೈಕಲ್ಲಿ ಹೋಗ್ತಿದ್ದೆ. ನನ್ನ ಬೈಕ್ ಸದ್ದು ಬಂದಾಗೆಲ್ಲ ಒಳಗೆ ನಿನ್ನ ಮಗ್ಗ ನಿಂತ್ಹೋಗ್ತಿತ್ತು. ನೂಲು ಕಡೀತೇನೋ ಅಂದ್ಕೋತಿದ್ದೆ."

ಅಕ್ಷತ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನೂಲು ಕಡಿದಿರ್ಲಿಲ್ಲ ಕಣೋ."