ದವಾಖಾನಿ ಮನಿ ಬಾವಿ

ಸತ್ತವರ ಎದೆಯ ಮೇಲೆ ಭತ್ತ ನೆಡಬ್ಯಾಡ್ರಿ ಎಂದು ಮಲಕಮ್ಮ ಕಾಲುವೆ ಸಾಹೇಬರ ಎದುರು ಹೇಳಿದ ಗಳಿಗೆಯಲ್ಲೇ ಹಂಪಣ್ಣ ಅವಳನ್ನು ಮನಸ್ಸಿನೊಳಗೆ ಕೊಂದುಬಿಟ್ಟಿದ್ದ. ಉಳಿದದ್ದು ಕೈಕೆಲಸ ಮಾತ್ರ.

ಶಹಾಪುರದಿಂದ ವನದುರ್ಗಕ್ಕೆ ಹೋಗುವ ಹಾದಿಯ ಹಂಪಣ್ಣನ ಮನೆಗೆ ಈಗಲೂ ದವಾಖಾನಿ ಮನಿ ಎಂದೇ ಹೆಸರು. ನಿಜಾಮನ ಕಾಲದಲ್ಲಿ ಹೈದರಾಬಾದಿನಲ್ಲಿ ಕಲಿತು ಬಂದ ಅವನ ಅಜ್ಜ ಶಾಂತಪ್ಪ ಡಾಕ್ಟರು ಕಟ್ಟಿಸಿದ್ದು. ಕಾಲರಾ ಬಂದ ವರ್ಷ ಅವರು ಹಿತ್ತಲ ಬೇವಿನ ಬನದಲ್ಲಿ ಚಾಪೆ ಹಾಸಿ ಕೇರಿಯವರನ್ನು ಮಲಗಿಸಿದ್ದರು. ಬದುಕಿದವರು ಎದ್ದು ಹೋದರು. ಸತ್ತವರು ಅಲ್ಲೇ ಮಣ್ಣಾದರು. ಗುಂಡಿ ತೋಡಿದವನು ಮಲಕಮ್ಮನ ಗಂಡ ದ್ಯಾವಪ್ಪ. ಕೊನೆಯ ಗುಂಡಿ ಅವನಿಗೇ ಆಯಿತು. ಈ ಬನ ನಿಮ್ಮವರದು ಎಂದು ಡಾಕ್ಟರು ಅವಳಿಗೆ ಮಾತು ಕೊಟ್ಟಿದ್ದರು.

ಕೇರಿಯವರ ನಾಡಿ ಹಿಡಿದ ಆ ಕೈ ಬಾವಿಯ ಮಾತು ಬಂದಾಗ ಮಾತ್ರ ಹಿಂದೆ ಸರಿಯುತ್ತಿತ್ತು. ಮನೆಯವರೇ ಸೇದಿ ಅವರ ಕೊಡಕ್ಕೆ ಮೇಲಿಂದ ಸುರಿಯಬೇಕು. ಹಗ್ಗ ಒಳಗಿಟ್ಟು ಕೀಲಿ ಹಾಕಬೇಕು. ಅಜ್ಜ ಹೋದರೂ ಕೀಲಿ ಉಳಿಯಿತು. ಹಂಪಣ್ಣನಿಗೆ ಅದು ಉಸಿರಾಡಿದಷ್ಟೇ ರೂಢಿ.

ಈಗ ಕಾಲುವೆ ಬಂದಿತ್ತು. ಬೇವು ಕಡಿಸಿದರೆ ಬನವೆಲ್ಲ ಗದ್ದೆ. ಆದರೆ ಭೀಮರಾಯನಗುಡಿಯಿಂದ ಅಳತೆಗೆ ಬಂದ ಸಾಹೇಬರು, "ಮಸಣ ಅಂದ್ರ ಬಿಡಬೇಕಾಗತದ. ನಾಳಿ ಬರ್ತೀನಿ, ಮುದುಕಿ ಜಾಗ ತೋರಿಸಲಿ" ಎಂದು ಹೋಗಿದ್ದರು. ತೋರಿಸಬಲ್ಲವಳು ಅವಳೊಬ್ಬಳೇ ಉಳಿದಿದ್ದಳು.

ಆ ಸಂಜೆ ಬನದೊಳಗಿಂದ ನರಳಾಟ ಕೇಳಿತು. "ನೀರ್ರೀ... ಒಂದು ಗುಟುಕು..." ಹಂಪಣ್ಣ ಕಿಟಕಿ ಮುಚ್ಚಿದ. ಹೊರಗೆ ಕಾಲುವೆಯ ಬಸಿನೀರಿಗೆ ಬಾವಿ ಸದ್ದಿಲ್ಲದೆ ಮೇಲೇರುತ್ತಿತ್ತು, ಯಾರೋ ಕರೆದರೆಂದು ಎದ್ದು ಬರುವಂತೆ.

ಹೆಂಡತಿ ಚಂದಮ್ಮ ಸುರಪುರದ ತವರಿನಲ್ಲಿದ್ದಳು. ಮರುದಿನ ಮುಂಜಾನೆ ಅವನು ಮನೆಗೆ ಕೀಲಿ ಜಡಿದು, ಊರೆಲ್ಲ ನೋಡುವಂತೆ ಶಹಾಪುರದ ಬಸ್ಸು ಹತ್ತಿದ. ಮುಂದಿನ ಊರಲ್ಲಿ ಇಳಿದು ಕಾಲುವೆ ದಂಡೆ ಹಿಡಿದು ಹಿತ್ತಲಿಗೆ ಬಂದ. ಉರಿ ಬಿಸಿಲು. ಹಾದಿಯಲ್ಲಿ ನಾಯಿ ಕೂಡ ಇರಲಿಲ್ಲ. ಮಲಕಮ್ಮ ದಿನದಂತೆ ಗಂಡನ ಗುಂಡಿಯ ಮೇಲಿನ ತರಗೆಲೆ ಗುಡಿಸಿ ಕೊಡದಿಂದ ನೀರು ಚಿಮುಕಿಸುತ್ತಿದ್ದಳು.

"ಮಲಕವ್ವಾ, ಬಾಯಿಲ್ಲಿ. ಅಜ್ಜಾರು ಬಾವಿ ಕಲ್ಲಿಗಿ ದ್ಯಾವಪ್ಪನ ಹೆಸರು ಕೆತ್ತಿಸ್ಯಾರ. ನೀರಾಗ ಮುಳಗಾಕತ್ತೈತಿ, ನೋಡು ಬಾ."

"ಅಯ್ಯ ಧಣಿ, ನಾ ಬಾವಿ ತನಕ ಬರಬೌದೇನ್ರಿ?"

"ಇವತ್ತ ಬಾ."

ಮದುವೆಯಾಗಿ ಬಂದಂದಿನಿಂದ ದೂರವೇ ನಿಂತವಳು ಮೊದಲ ಸಲ ಆ ಕಟ್ಟೆಗೆ ಕೈ ಊರಿದಳು. ಅಕ್ಷರ ಬಾರದ ಕಣ್ಣಿನಿಂದ ಹೆಸರು ಹುಡುಕಿದಳು. ನೂಕಲು ಬಲವೇ ಬೇಕಾಗಲಿಲ್ಲ. ಆ ಬಾವಿಯ ನೀರು ಯಾರೂ ಮೇಲಿಂದ ಸುರಿಯದೆ ಅವಳ ಬಾಯಿಗೆ ಬಂದದ್ದು ಅದೇ ಮೊದಲು.

ಹಂಪಣ್ಣ ಅವಸರ ಮಾಡಲಿಲ್ಲ. ಒಳಗಿನಿಂದ ಹಗ್ಗ ತಂದು ಅವಳ ಕೊಡದ ಕೊರಳಿಗೆ ಬಿಗಿದು, ಒಮ್ಮೆ ನೀರಲ್ಲಿ ಅದ್ದಿ ಕಟ್ಟೆಯ ಮೇಲಿಟ್ಟ. ಮನೆಯವರಿಲ್ಲ, ಬಾಯಾರಿಕೆ, ಮುದುಕಿ ತಾನೇ ಸೇದಲು ಹೋಗಿ ಜಾರಿದಳು. ಕೇರಿಯ ಮುದುಕಿಯ ಸಾವಿಗೆ ಇದಕ್ಕಿಂತ ಹೆಚ್ಚು ಯಾರು ಕೇಳುತ್ತಾರೆ? ಬಾಗಿಲಿಗೆ ಮತ್ತೆ ಕೀಲಿ ಹಾಕಿ, ಬಂದ ದಾರಿಯಲ್ಲೇ ಹೋದ.

ಸಂಜೆ ಬಸ್ಸಿಳಿದು ಬಂದಾಗ ಹೆಣವನ್ನು ಮೇಲೆತ್ತಿ ಕಟ್ಟೆಯ ಬಳಿ ಮಲಗಿಸಿದ್ದರು. ಮಲಕಮ್ಮನ ಸೊಸೆ ಮೋನಮ್ಮ ಅದರ ಕಾಲ ಬಳಿ ಕೂತು ಅಳುತ್ತಿದ್ದಳು.

"ನಾ ಮನಿಯಾಗ ಇರಲಿಲ್ರಿ ಜಮಾದಾರ್ರ," ಎಂದು ಹಂಪಣ್ಣ ಅಳುದನಿ ತೆಗೆದ. "ಪಾಪ, ನೀರಡಿಸಿ ತಾನೇ ಸೇದಾಕ ಹೋಗ್ಯಾಳ." ಪೊಲೀಸ್ ಠಾಣೆಯಿಂದ ಬಂದಿದ್ದ ಜಮಾದಾರ ತಲೆಯಾಡಿಸಿ ಎದ್ದ. ಅವನಿಗೆ ಕೇಳುವುದೇನೂ ಉಳಿದಿರಲಿಲ್ಲ.

ಆಗ ಹಿಂದಿನಿಂದ ಊರ ಗೌಡರು ನಕ್ಕರು. "ಅಂದ್ರ ನೀ ಊರಾಗಿಲ್ಲದಾಗೆಲ್ಲಾ ಇವರ ಕೈಲೆ ಸೇದಿಸ್ತಿಯೇನಪಾ? ನಮ್ಮನಿಗೂ ಇದೇ ನೀರು ಬರತೈತಿ. ಡಾಕ್ಟರ ಮನಿತನ ಭಾಳ ಛಂದ ನಡಸೀದಿ ಬಿಡು!"

ಹಂಪಣ್ಣ ಎಲ್ಲ ಪ್ರಶ್ನೆಗೂ ಉತ್ತರ ಹೊಂದಿಸಿಕೊಂಡು ಬಂದಿದ್ದ, ಇದೊಂದನ್ನು ಬಿಟ್ಟು. ರಕ್ತ ನೆತ್ತಿಗೇರಿತು. "ನಾಲಿಗಿ ಹಿಡದು ಮಾತಾಡ್ರಿ ಗೌಡ್ರ! ಹಗ್ಗ ಹೊರಗ ಬಿಟ್ಟು ಹೋಗೋ ಮನಿತನ ಅಲ್ಲ ನಮ್ಮದು. ಇವತ್ತ ಮುಂಜಾನಿನೂ ಒಳಗಿಟ್ಟು ಕೀಲಿ ಹಾಕೇ ಹೋಗೀನಿ. ನೋಡ್ರಿ, ಕೀಲಿಕೈ ನನ್ನ ಉಡದಾರದಾಗ ಐತಿ!" ಎಂದು ಅದನ್ನು ಎಳೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಬನದೊಳಗಿನ ನರಳಾಟ ನಿಂತಂತಾಯಿತು. ಮೋನಮ್ಮ ಅಳು ನಿಲ್ಲಿಸಿ ತಲೆ ಎತ್ತಿದಳು. ಕೀಲಿಕೈ ನೋಡಿದಳು, ಅತ್ತೆಯ ಕೊಡದ ಕೊರಳಲ್ಲಿ ಇನ್ನೂ ಒದ್ದೆಯಾಗಿದ್ದ ಹಗ್ಗ ನೋಡಿದಳು. "ಹಂಗಾದ್ರ ಧಣಿ," ಎಂದಳು, "ನಮ್ಮತ್ತಿಗಿ ಈ ಹಗ್ಗ ತಗದು ಕೊಟ್ಟವರ್ಯಾರ್ರಿ?"