ಹುಚ್ಚವ್ವನ ಇನ್ನೊಂದು ಹೆಸರು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ದುರ್ಗದಬೈಲಿನ ನನ್ನ ಆನ್‌ಲೈನ್ ಅಂಗಡಿಯಲ್ಲಿ ಇದು ಹಾಡುಹಗಲೇ ನಡೆಯಿತು. ದುರಗವ್ವ ಮಗಳನ್ನು ಶಾಲೆಗೆ ಸೇರಿಸುವ ಅರ್ಜಿ ತುಂಬಿಸಲು ಅವಳನ್ನೂ ಕರೆದುಕೊಂಡು ಬಂದಿದ್ದಳು. ಹೆಸರಿನ ಜಾಗದಲ್ಲಿ 'ಹುಚ್ಚವ್ವ' ಎಂದು ಒತ್ತಿದೆ. ಕಂಪ್ಯೂಟರ್ ಟಣ್ ಎಂದಿತು. 'ಬೈಗುಳ ನಡೆಯುವುದಿಲ್ಲ, ಸರಿಯಾದ ಹೆಸರು ಹಾಕಿ' ಎಂದು ಕೆಂಪಕ್ಷರ ಮೂಡಿತು.

"ಬ್ಯಾರೆ ಹೆಸರು ಐತೇನಕ್ಕಾ?"

"ಐತಿ ತಮ್ಮಾ, ಹೇಳಂಗಿಲ್ಲ. ಮದಲಿನ ಎರಡೂ ಕೂಸಿಗೆ ಛಲೋ ಹೆಸರು ಇಟ್ಟಿದ್ವಿ, ಯಮ ಹೆಸರು ಹಿಡದು ಕರದು ಒಯ್ದ. ಅದಕ್ಕ ಇಕಿಗೆ ಹುಚ್ಚವ್ವ ಅಂತೇವಿ. ಖರೇ ಹೆಸರು ತೊಟ್ಟಿಲದಾಗ ಒಂದ ಸಲ ಕಿವ್ಯಾಗ ಅಂದೇನಿ, ಅಷ್ಟ. ಇಕಿಗೂ ಗೊತ್ತಿಲ್ಲ."

"ಯಮನ್ನ ಏಮಾರಿಸಿದಿ, ಈ ಕಂಪ್ಯೂಟರ್‌ನ ಏಮಾರಿಸಾಕ ಆಗವಲ್ದು ನೋಡಕ್ಕಾ!"

ನಗುತ್ತ ಮತ್ತೆ ಹುಚ್ಚವ್ವ ಎಂದೇ ಒತ್ತಿದೆ. ಮತ್ತೆ ಟಣ್, ಒತ್ತಿದ ಹೆಸರು ಅಳಿಸಿಹೋಯಿತು. ಕೀಲಿಮಣೆ ಐಸಿನಂತೆ ತಣ್ಣಗಿತ್ತು, ಕೈ ತೆಗೆದುಬಿಟ್ಟೆ. ಆಗ ಖಾಲಿ ಜಾಗದಲ್ಲಿ ಒಂದೊಂದೇ ಅಕ್ಷರ ತಾನಾಗಿ ಮೂಡಿತು: ಚಂದ್ರಕಲಾ. ಕೆಂಪು ಹೋಗಿ ಹಸಿರು ಬಂತು. 'ಹೆಸರು ಸರಿಯಿದೆ.'

ದುರಗವ್ವನಿಗೆ ಓದಲು ಬಾರದು. ನಾನಂತೂ ದೇವರಾಣೆಗೂ ಅದನ್ನು ಬಾಯಿಬಿಟ್ಟು ಓದಲಿಲ್ಲ. ಆದರೆ ಹುಡುಗಿ, ಯಾರೂ ಇಲ್ಲದ ಬಾಗಿಲ ಕಡೆ ತಿರುಗಿ, "ಓ, ಬಂದೆ" ಎಂದಳು.