ಕಾಸರಕದ ಮೊಳೆ

“ಬೇರೆ ಯಾವ ಮರ ಬೇಕಾದ್ರೂ ತೋರಿಸಿ ಧಣಿ, ಇವತ್ತೇ ಉರುಳಿಸ್ತೇನೆ. ಇದಕ್ಕೆ ಮಾತ್ರ ನನ್ನ ಕೊಡಲಿ ತಾಗುದಿಲ್ಲ,” ಎಂದ ಮರ ಕಡಿಯುವ ಪೋಕರ್.

ನೆಲ್ಯಾಡಿಯಿಂದ ಆಚೆಗಿನ ಗುಡ್ಡ ಅದು. ಕಾಡು ಕಡಿದು, ಬೆಂಕಿ ಕೊಟ್ಟು, ರಬ್ಬರ್ ಗಿಡಕ್ಕೆಂದು ಬೋಳು ಮಾಡಿದ ನೆಲ. ಸುಟ್ಟ ಬೊಡ್ಡೆಗಳ ನಡುವೆ ಒಂದೇ ಒಂದು ಕಾಸರಕದ ಮರ, ಬೇರಿನಿಂದ ಬೀಜದವರೆಗೆ ಕಹಿ ವಿಷದ ಮರ, ನಿಂತಿತ್ತು. ಅದರ ಕಾಂಡದ ತುಂಬ ತುಕ್ಕು ಹಿಡಿದ ಮೊಳೆಗಳು. ಒಂದೊಂದರ ಕುತ್ತಿಗೆಗೂ ಏನೋ ಸುತ್ತಿತ್ತು. ದೂರದಿಂದ ನೋಡಿದರೆ ನಾರು, ಹತ್ತಿರ ಹೋದರೆ ಕೂದಲು.

“ಮೊಳೆ ಕಂಡರೆ ಹೆದರುವವ ಮರದ ಕೆಲಸಕ್ಕೆ ಯಾಕೆ ಬಂದೆ ಮಾರಾಯ? ಬೂತಾಯಿ ಮೀನು ಮಾರಿಕೊಂಡು ಇರಬಹುದಿತ್ತು,” ಎಂದು ಬೆಳ್ಯಪ್ಪ ನಕ್ಕ. ಮಂಗಳೂರಿನ ಕಾಲೇಜಿನಲ್ಲಿ ಕಲಿತವ, ಗುತ್ತಿಗಾರಿನ ದೊಡ್ಡಮನೆಯ ಒಬ್ಬನೇ ಮಗ. ಸುತ್ತಿಗೆಯ ಸೀಳು ಬಾಯಿಗೆ ಒಂದು ಮೊಳೆಯ ತಲೆ ಸಿಕ್ಕಿಸಿ ಮೀಟಿದ. ಮೊಳೆ ಕಿರ್ರೆಂದು ಹೊರಗೆ ಬಂತು. “ಇಕೊ, ನಿಮ್ಮ ಭೂತ ನನ್ನ ಕಿಸೆಯಲ್ಲಿ ಉಂಟು.”

ಗಂಜಿಯ ಪಾತ್ರೆ ಹಿಡಿದು ಹಿಂದೆ ನಿಂತಿದ್ದ ಅವನ ಹೆಂಡತಿ ಪ್ರೇಮಾವತಿಗೆ ಮಾತ್ರ ಅದು ಕೇಳಿಸಿತು. ತಲೆಹೊರೆ ಇಳಿಸಿದವರು ಬಿಡುತ್ತಾರಲ್ಲ, ಅಂಥ ಒಂದು ಉಸಿರು. ಮರದ ಒಳಗಿನಿಂದ.

ಪ್ರೇಮಾವತಿ ಅದೇ ದೊಡ್ಡಮನೆಯ ಒಕ್ಕಲು ದೇರಣ್ಣನ ಮಗಳು. ನೇಜಿ ನೆಡುವ ಗದ್ದೆಯಲ್ಲಿ ಅವಳನ್ನು ಕಂಡ ಬೆಳ್ಯಪ್ಪ ಹಟ ಹಿಡಿದು ಮದುವೆಯಾದ. ಅವನ ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. “ಅವಳ ಜೊತೆ ಗುಡ್ಡೆಯಲ್ಲಿ ಇರು,” ಎಂದು ಇಲ್ಲಿಗೆ ಅಟ್ಟಿದರು. ಮೊದಮೊದಲು ಅವನು ಪೇಟೆಯಿಂದ ಮಲ್ಲಿಗೆ ತರುತ್ತಿದ್ದ. ಆಮೇಲೆ ದೊಡ್ಡಮನೆಯ ಒಂದೊಂದು ಸುಖ ನೆನಪಾದಾಗಲೂ ಅವನ ಕೈ ಎದ್ದಿತು. ಕೈ ಸಾಲದಾದಾಗ ಸೊಂಟದ ಪಟ್ಟಿ ಬಂತು.

ಒಮ್ಮೆ ಅವಳು ತವರಿಗೆ ಓಡಿದ್ದಳು. ದೇರಣ್ಣ ಮಗಳ ಬೆನ್ನು ನೋಡಿದ, ಅತ್ತ, ಮರುದಿನ ತಾನೇ ಬಸ್ಸಿನಲ್ಲಿ ಕರೆತಂದ. “ಅವರ ನೆಲದಲ್ಲಿ ನಮ್ಮ ಒಲೆ ಉರಿಯುದು ಮಗಳೇ. ನೀನು ಹಿಂದೆ ಬಂದರೆ ನಿನ್ನ ತಮ್ಮಂದಿರು ಎಲ್ಲಿ ಮಲಗುದು?” ಎಂದು ಕೇಳಿದ.

ಕಿತ್ತ ಮೊಳೆಯನ್ನು ಬೆಳ್ಯಪ್ಪ ಮಲಗುವ ಕೋಣೆಯ ಕಂಬಕ್ಕೆ ಹೊಡೆದು, ಪಟ್ಟಿಯನ್ನು ಅದಕ್ಕೇ ನೇತುಹಾಕಿದ.

ಎರಡು ದಿನ ಬಿಟ್ಟು ಪೋಕರನ ತಾಯಿ ಅಲೀಮಮ್ಮ ನುಗ್ಗೆಸೊಪ್ಪು ಕೊಡಲು ಬಂದವಳು ಆ ಕಂಬ ನೋಡಿ ಹೊಸ್ತಿಲಲ್ಲೇ ಕುಸಿದು ಕೂತಳು.

“ಮೊದಲು ಈ ಗುಡ್ಡೆಯಲ್ಲಿ ಒಬ್ಬ ಇದ್ದ ಮಗಳೇ. ಹೆಂಡತಿ ಬಡವರ ಮನೆಯ ಹೆಣ್ಣು. ಒಲೆಯ ಕೊಳ್ಳಿಯಲ್ಲೇ ಹೊಡೆದು ಕೊಂದ. ಸತ್ತವಳು ಸುಮ್ಮನೆ ಹೋಗಲಿಲ್ಲ, ಹೊಡೆದ ಅವನ ಕೈಯನ್ನೇ ಬಂದು ಹಿಡಿದಳು. ಮತ್ತೆ ಘಟ್ಟದ ಬುಡದಿಂದ ಮಂತ್ರವಾದಿ ಬಂದ. ಹೆಣದ ತಲೆಯಿಂದ ಮೊದಲೇ ಕೂದಲು ಕೊಯ್ದು ಇಟ್ಟಿದ್ದರು. ಅದನ್ನು ಸುತ್ತಿ ಸುತ್ತಿ, ಅವಳನ್ನು ಮರಕ್ಕೆ ಮೊಳೆ ಹೊಡೆದರು.”

“ಕೊಂದವನನ್ನು ಕಾಯಲಿಕ್ಕೆ, ಸತ್ತವಳಿಗೆ ಮೊಳೆಯಾ?”

“ಮಾಡಿಸಿದ್ದು ಅವನ ತಾಯಿ. ತಾಯಿಗೆ ಮಗ ಅಲ್ಲವಾ,” ಎಂದು ಅಲೀಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆ ಸಂಜೆ ಗಂಜಿಗೆ ಉಪ್ಪು ಹೆಚ್ಚಾಯಿತೆಂದು ಬೆಳ್ಯಪ್ಪ ಪಟ್ಟಿ ಎಳೆದುಕೊಂಡ. ಮೊದಲ ಏಟು ಬೀಳುವ ಮೊದಲೇ ಕೋಣೆಯಲ್ಲಿ ಕೂದಲು ಸುಟ್ಟ ವಾಸನೆ ಎದ್ದಿತು. ಏಟು ಬಿತ್ತು. ಪ್ರೇಮಾವತಿ ಹಲ್ಲು ಕಚ್ಚಿದ್ದಳು, ಕೂಗಲಿಲ್ಲ. ಕೂಗಿದ್ದು ಹೊರಗೆ, ಬೋಳು ಗುಡ್ಡದ ಮೇಲೆ, ಬೇರೆ ಯಾರೋ.

“ನರಿ,” ಎಂದ ಬೆಳ್ಯಪ್ಪ. ಆದರೆ ಪಟ್ಟಿ ಮತ್ತೆ ಏಳಲಿಲ್ಲ.

ಬೆಳಗಾದಾಗ ಅವನ ಬಲ ಅಂಗೈಯ ನಡುವೆ ಒಂದು ಕಪ್ಪು ಚುಕ್ಕೆ ಇತ್ತು. ಮಾರನೆಯ ದಿನ ಅದು ತೂತು. ಪುತ್ತೂರಿನ ಡಾಕ್ಟರು ಇಂಜೆಕ್ಷನ್ ಕೊಟ್ಟರು, ಮುಲಾಮು ಕೊಟ್ಟರು. ತೂತು ಆಳಕ್ಕಿಳಿಯಿತು. ರಕ್ತ ಬರುತ್ತಿರಲಿಲ್ಲ. ತುಕ್ಕಿನ ನೀರು ಜಿನುಗುತ್ತಿತ್ತು. ಬೆಳ್ಯಪ್ಪ ಮೊಳೆಯನ್ನು ಕಂಬದಿಂದ ಕಿತ್ತು ಮರಕ್ಕೆ ಹೊಡೆದು ನೋಡಿದ. ಅದು ನಿಲ್ಲಲಿಲ್ಲ. ಪ್ರತಿ ಸಲವೂ ಯಾರೋ ಒಳಗಿನಿಂದ ಬೆರಳಲ್ಲಿ ನೂಕಿದ ಹಾಗೆ ಕೆಳಗೆ ಬಿತ್ತು.

ನಕ್ಕವನ ನಗು ಅಲ್ಲಿಗೆ ನಿಂತಿತು. ತಾನೇ ಹೋಗಿ ಮಂತ್ರವಾದಿಯನ್ನು ಕರೆತಂದ. ಹೋಗುವ ಮೊದಲು, ಮತ್ತೆ ತವರಿಗೆ ಓಡದ ಹಾಗೆ, ಪ್ರೇಮಾವತಿಯನ್ನು ಗೊಬ್ಬರದ ಕೋಣೆಗೆ ನೂಕಿ ಹೊರಗಿನಿಂದ ಚಿಲಕ ಹಾಕಿದ್ದ.

ಕಿಟಕಿಯಿಲ್ಲದ ಕೋಣೆ. ನಡು ಹಗಲಿನಲ್ಲೂ ಕಣ್ಣಿಗೆ ಕೈ ಕಾಣದು. ಎಲುಬಿನ ಹುಡಿಯ ವಾಸನೆ, ಮೀನುಗೊಬ್ಬರದ ವಾಸನೆ ಗಂಟಲಲ್ಲಿ ಕೂತಿತ್ತು. ಹಲಗೆಯ ಗೋಡೆಗೆ ಕಿವಿ ಒತ್ತಿದಳು. ಆಚೆ ಮಂತ್ರವಾದಿ ಎಲೆಯಡಿಕೆ ಜಗಿಯುವ ಸದ್ದು.

“ಹಳೆಯವಳ ಕೂದಲು ಈಗ ಎಲ್ಲಿಂದ ತರುದು? ಹಾಗೇ ಪೆಟ್ಟು ತಿಂದ ಇನ್ನೊಬ್ಬಳ ಕೂದಲು ಬೇಕು. ಮೊಳೆಯನ್ನು ಅವಳೇ ಹಿಡಿಯಬೇಕು, ನೀವು ಹೊಡೆಯಬೇಕು.”

“ಅವಳಿಗೆ ಎಂತ ಆಗ್ತದೆ?”

“ಕೂದಲಿನ ಹಿಂದೆ ಅವಳೂ ಹೋಗ್ತಾಳೆ. ಬರುವ ಅಮಾಸೆ ದಾಟುದಿಲ್ಲ.”

ಆಚೆ ಬೆಳ್ಯಪ್ಪನ ಹೆಜ್ಜೆ ಅತ್ತಿಂದಿತ್ತ ಹೋಯಿತು. ಪ್ರೇಮಾವತಿ ಉಸಿರು ಬಿಗಿಹಿಡಿದು ಕಾದಳು. ಆ ಹೆಜ್ಜೆಗಳಲ್ಲಿ ಮಲ್ಲಿಗೆ ತಂದವನು ಎಲ್ಲಿಯಾದರೂ ಇದ್ದಾನೆಯೇ ಎಂದು ಹುಡುಕಿದಳು.

“ಹೊಟ್ಟೆಯಲ್ಲಿ ಮಗು ಉಂಟು,” ಎಂದ ಅವನು.

“ಅದೂ ಹೋಗ್ತದೆ.”

“ಮಾಡಿ,” ಎಂದ ಬೆಳ್ಯಪ್ಪ.

ಇಬ್ಬರೂ ಸ್ನಾನಕ್ಕೆಂದು ತೋಡಿಗೆ ಇಳಿದ ಮೇಲೆ ಚಿಲಕ ಸರಿಯಿತು. ಬಾಗಿಲ ಬೆಳಕಿನಲ್ಲಿ ಅಲೀಮಮ್ಮ ನಿಂತಿದ್ದಳು.

“ಓಡು ಮಗಳೇ. ಕೆಳಗೆ ರಸ್ತೆಯಲ್ಲಿ ಲಾರಿ ಸಿಗ್ತದೆ.”

“ಎಲ್ಲಿಗೆ ಓಡುದು ಅಲೀಮಮ್ಮ? ಅಪ್ಪ ಮತ್ತೆ ಬಸ್ಸು ಹತ್ತಿಸ್ತಾನೆ.”

ಮೂಲೆಯಲ್ಲಿ ಸುತ್ತಿಗೆ ಇತ್ತು. ಅದನ್ನು ಎತ್ತಿಕೊಂಡು ಅವಳು ರಸ್ತೆಗೆ ಇಳಿಯಲಿಲ್ಲ. ಗುಡ್ಡ ಹತ್ತಿದಳು.

ನೆತ್ತಿಯ ಮೇಲೆ ಸೂರ್ಯ. ಮರದ ನೆರಳು ಮರದ ಬುಡದಲ್ಲೇ ಮುದುಡಿತ್ತು. ಮೊದಲ ಮೊಳೆಗೆ ಸುತ್ತಿಗೆಯ ಬಾಯಿ ಹಾಕಿ ಮೈಯ ಭಾರವನ್ನೆಲ್ಲ ಬಿಟ್ಟಳು. ಕಿರ್ರ್. ಉಸಿರು. ಇನ್ನೊಂದು. ಉಸಿರು. ಅಂಗೈ ಸುಲಿಯಿತು. ಕೂದಲಿನ ಎಳೆಗಳು ಬೆರಳಿಗೆ ಸುತ್ತಿಕೊಂಡವು, ಬಿಡಿಸಿದಷ್ಟೂ ಸುತ್ತಿದವು. ತೊಗಟೆಯ ಕಹಿ ನಾಲಗೆಗೇ ಬಂದು ತಾಗಿತು. ಕಿತ್ತ ಒಂದೊಂದು ತೂತಿನ ಒಳಗಿನಿಂದಲೂ ಬೆಚ್ಚಗಿನ ಗಾಳಿ ಅವಳ ಮುಖಕ್ಕೆ ಬಡಿಯಿತು.

“ಏ, ಕೂಲಿಯವರ ಹುಟ್ಟೇ.”

ಬೆಳ್ಯಪ್ಪ. ಒದ್ದೆ ಪಂಚೆ. ಎಡಗೈಯಲ್ಲಿ ಪಟ್ಟಿ. ಓಡಿ ಬರುತ್ತಿದ್ದ.

ಒಂದೇ ಮೊಳೆ ಉಳಿದಿತ್ತು. ಸುತ್ತಿಗೆ ಜಾರಿತು. ಮತ್ತೆ ಹಾಕಿದಳು. ಜಾರಿತು. ಹಿಂದೆ ಸುಟ್ಟ ಕಡ್ಡಿಗಳು ಮುರಿಯುವ ಸದ್ದು. ಹತ್ತಿರ. ಇನ್ನೂ ಹತ್ತಿರ. ಅವನ ಏದುಸಿರು ಕುತ್ತಿಗೆಗೆ ತಾಗಿತು. ಪಟ್ಟಿ ಗಾಳಿ ಸೀಳಿತು.

“ಅಕ್ಕಾ,” ಎಂದಳು ಪ್ರೇಮಾವತಿ. “ಬಾ.”

ಮೊಳೆ ಬಂತು.

ಏಟು ಬೀಳಲಿಲ್ಲ. ತಿರುಗಿ ನೋಡಿದಳು. ಅವನ ಎಡಗೈ ಎತ್ತಿದ್ದಲ್ಲೇ ನಿಂತಿತ್ತು. ಮಣಿಕಟ್ಟಿನ ಮಾಂಸ ಐದು ಕಡೆ ಒಳಗೆ ಕುಸಿಯಿತು. ಬೆರಳುಗಳ ಹಾಗೆ. ಹಿಡಿದವರು ಕಾಣಲಿಲ್ಲ. ಬಾಯಿ ತೆರೆದ, ದನಿ ಬರಲಿಲ್ಲ. ಕಾಲು ನೆಲ ಕೆರೆಯುತ್ತ ಮರದ ಕಡೆಗೆ ಜಾರಿದ. ಬಲ ಅಂಗೈ ತಾನಾಗಿ ಬಿಚ್ಚಿಕೊಂಡು ಕಾಂಡಕ್ಕೆ ಕೂತಿತು. ತೂತಿಗೆ ತೂತು ಸೇರಿತು. ಏರಿ ಬರುತ್ತಿದ್ದ ಮಂತ್ರವಾದಿ ಅಷ್ಟನ್ನು ನೋಡಿ ಬುಟ್ಟಿ ಬಿಟ್ಟು ಇಳಿದು ಓಡಿದ.

ಹೊತ್ತು ಕಂತುವ ಮೊದಲು ಬೆಳ್ಯಪ್ಪ ನಿಂತಲ್ಲೇ ಸತ್ತ. ಪೋಕರ್ ತೊಗಟೆ ಸಮೇತ ಕೆತ್ತಿ ಹೆಣ ಬಿಡಿಸಬೇಕಾಯಿತು.

ದೊಡ್ಡಮನೆಯವರು ಹೆದರಿ ಆ ಗುಡ್ಡದ ತಂಟೆಗೆ ಬರಲಿಲ್ಲ. ದೇರಣ್ಣನ ಒಲೆಗೂ ಕೈ ಹಾಕಲಿಲ್ಲ. ಪ್ರೇಮಾವತಿ ಅಲ್ಲೇ ಹೆತ್ತಳು. ಗಂಡು ಮಗು, ಶ್ಯಾಮ ಎಂದು ಹೆಸರಿಟ್ಟಳು. ದಿನವೂ ತಾನು ಉಣ್ಣುವ ಮೊದಲು ಕಾಸರಕದ ಬುಡದಲ್ಲಿ ಅಕ್ಕನಿಗೊಂದು ಎಲೆ ಬಡಿಸಿದಳು. ರಬ್ಬರ್ ಗಿಡಗಳು ತಲೆ ಮೀರಿ ಬೆಳೆದವು. ಅವಳಿಗೆ ಹೆದರಿಕೆ ಮರೆಯಿತು.

ಶ್ಯಾಮನಿಗೆ ನಾಲ್ಕು ತುಂಬಿದ ವರ್ಷ. ಒಂದು ಮಧ್ಯಾಹ್ನ ಬೆಲ್ಲ ಕೇಳಿದ. ಅವಳು ಇಲ್ಲವೆಂದಳು. ಅವನು ಅಂಗಳದ ಕೋಲು ಎತ್ತಿಕೊಂಡು, ಅಪ್ಪನನ್ನು ಎಂದೂ ನೋಡದವನು ಅಪ್ಪನ ಹಾಗೆಯೇ ದವಡೆ ಬಿಗಿದು, ತಾಯಿಯ ಮೇಲೆ ಬೀಸಿದ.

ಕೂದಲು ಸುಟ್ಟ ವಾಸನೆ.

ಕೋಲು ಗಾಳಿಯಲ್ಲಿ ನಿಂತಿತು. ಎಳೆಯ ಮಣಿಕಟ್ಟಿನ ಮೇಲೆ ಐದು ಕೆಂಪು ಗುರುತು ಮೂಡಿದವು. ಮಗು ಕಿರುಚಿತು. ಪ್ರೇಮಾವತಿ ಅವನ ಮೇಲೆ ಕವಿದು ಬಿದ್ದಳು.

“ಮಗು ಅಕ್ಕಾ. ಗೊತ್ತಿಲ್ಲ ಅದಕ್ಕೆ. ನಾನು ಕಲಿಸ್ತೇನೆ. ಬಿಡು. ಕಾಲು ಹಿಡೀತೇನೆ, ಬಿಡು.”

ಹಿಡಿತ ಸಡಿಲವಾಯಿತು. ತಕ್ಷಣ ಅಲ್ಲ. ಒಂದೊಂದೇ ಬೆರಳು, ನಿಧಾನಕ್ಕೆ.

ಅತ್ತು ಅತ್ತು ಶ್ಯಾಮ ಅವಳ ಮಡಿಲಲ್ಲೇ ನಿದ್ದೆ ಹೋದ. ಅವನ ಅಂಗೈಯನ್ನು ಬಿಡಿಸಿ ನೋಡಿದಳು. ನಡುವೆ ಒಂದು ಕಪ್ಪು ಚುಕ್ಕೆ, ಸಾಸಿವೆಯಷ್ಟು.

ಅಂದು ಕಿತ್ತ ಮೊಳೆಗಳನ್ನು ಅವಳು ಬಿಸಾಡಿರಲಿಲ್ಲ. ಒಲೆಯ ಹಿಂದಿನ ಡಬ್ಬದಲ್ಲಿ ಇದ್ದವು. ಡಬ್ಬ ಯಾವಾಗ ಇಳಿಸಿದಳೋ, ಮುಚ್ಚಳ ಯಾವಾಗ ತೆಗೆದಳೋ ಅವಳಿಗೆ ಗೊತ್ತಾಗಲಿಲ್ಲ. ನೋಡಿದರೆ ಕೈಯಲ್ಲಿ ಎಲ್ಲಕ್ಕಿಂತ ನೆಟ್ಟಗಿನ ಮೊಳೆ ಇತ್ತು. ಸೆರಗಿನಿಂದ ಅದರ ತುಕ್ಕು ಒರೆಸುತ್ತಿದ್ದಳು. ಇನ್ನೊಂದು ಕೈ ತನ್ನ ತುರುಬು ಬಿಚ್ಚುತ್ತಿತ್ತು.

ಹೊರಗೆ ಗಾಳಿ ನಿಂತಿತು. ಕಾಸರಕದ ಮರ ಉಸಿರು ಬಿಗಿಹಿಡಿಯಿತು.